ತಪ್ಪು ಉತ್ತರಕ್ಕೆ ಐದು ಸೆಕೆಂಡು

ಮೊನ್ನೆ ಕುಷ್ಟಗಿಯಿಂದ ಗಂಗಾವತಿಗೆ ಬರುವಾಗ, ತಾವರಗೇರಾ ದಾಟಿದ ಮೇಲೊಂದು ಏರಿನಲ್ಲಿ ನಮ್ಮ ಬಸ್ಸಿನ ಕ್ಲಚ್ ಪ್ಲೇಟು ಸುಡತೊಡಗಿತು. ರಬ್ಬರು ಸುಟ್ಟಂತೆಯೂ ಅಲ್ಲ, ಕಬ್ಬಿಣ ಕಾಯ್ದಂತೆಯೂ ಅಲ್ಲ. ಗಂಟಲಿನ ಹಿಂದೆ ಹೋಗಿ ಗಟ್ಟಿಯಾಗಿ ಕೂತುಬಿಡುವ ವಾಸನೆ ಅದು. ಬಸ್ಸಿನಲ್ಲಿದ್ದವರೆಲ್ಲ ಸೆರಗು, ಟವೆಲ್ಲು ಮೂಗಿಗೆ ಹಿಡಿದರು. ನಾನೊಬ್ಬನೇ ಎದೆ ತುಂಬ ಎಳೆದುಕೊಂಡೆ. ಪಕ್ಕದಲ್ಲಿದ್ದ ಅಜ್ಜಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ ಕೈಚೀಲವನ್ನು ಆ ಕಡೆಯ ತೊಡೆಗೆ ಸರಿಸಿಕೊಂಡಳು. ಅವಳ ತಪ್ಪಲ್ಲ. ನನ್ನ ಮುಖ ನೋಡಿ ಚೀಲ ಸರಿಸಿದವರಲ್ಲಿ ಆಕೆ ಮೊದಲನೆಯವಳೂ ಅಲ್ಲ.

ಆ ವಾಸನೆ ನನ್ನ ಪಾಲಿಗೆ ಒಂದೇ ಒಂದು ಹಂಗಾಮಿನದು. ಎರಡನೇ ಬೆಳೆಗೆ ಕಾಲುವೆಗೆ ನೀರು ಬಿಡುವುದಿಲ್ಲ ಎಂದು ತುಂಗಭದ್ರಾ ಅಣೆಕಟ್ಟಿನ ಮುನಿರಾಬಾದಿನಿಂದ ಸುದ್ದಿ ಬಂದ ವರ್ಷದ್ದು. ಗಂಗಾವತಿ ಸುತ್ತಲಿನ ಗದ್ದೆಗಳಲ್ಲಿ ಸಾಮಾನ್ಯವಾಗಿ ಒಂದು ಭತ್ತ ಕೊಯ್ದು ಮುಗಿಸುವುದರೊಳಗೆ ಇನ್ನೊಂದಕ್ಕೆ ಕೆಸರು ಕಲಸುವ ಗಡಿಬಿಡಿ ಇರುತ್ತದೆ. ಆ ವರ್ಷ ಕೊಯ್ದ ಕೂಳೆ ಹಾಗೇ ಒಣಗಿ ನಿಂತಿತ್ತು. ಕೆಸರಿಗಿಳಿಯುವ ಕಬ್ಬಿಣದ ಗಾಲಿಗಳನ್ನು ಕಳಚಿ ಬೇವಿನ ಮರಕ್ಕೆ ಆನಿಸಿಟ್ಟಿದ್ದರು. ಟ್ರ್ಯಾಕ್ಟರುಗಳಿಗೆ ಬೇಸರ ಬಂದಿತ್ತು, ಡ್ರೈವರುಗಳಿಗೆ ಅದಕ್ಕಿಂತ ಹೆಚ್ಚು. ಬೇಸರ ಬಂದ ಡ್ರೈವರನ ಕೈಗೆ ಟ್ರ್ಯಾಕ್ಟರು ಸಿಕ್ಕರೆ ನಮ್ಮ ಕಡೆ ಆಗುವುದು ಒಂದೇ: ರಿವರ್ಸ್ ಸ್ಪರ್ಧೆ.

ನೋಡದವರಿಗೆ ಹೇಳಿಬಿಡುತ್ತೇನೆ. ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿ, ಸುಣ್ಣದ ಗೆರೆ ಹಾಕಿದ ಸೊಟ್ಟ ದಾರಿಯಲ್ಲಿ, ಎರಡೂ ಬದಿಗೆ ನೆಟ್ಟ ಬಿದಿರು ಗಳುಗಳಿಗೆ ತಾಗಿಸದೆ ಹಿಂದಕ್ಕೆ ಓಡಿಸಬೇಕು. ಕಡಿಮೆ ಹೊತ್ತಿನಲ್ಲಿ ಮುಟ್ಟಿದವನು ಗೆದ್ದ. ಕೇಳಲು ಸುಲಭ. ಟ್ರೇಲರ್ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಬಲಕ್ಕೆ ತಿರುಗಬೇಕು, ಅದೂ ಹೆಂಡತಿಯ ಮುನಿಸಿನಂತೆ ಯಾವಾಗ ಹೆಚ್ಚಾಯಿತು ಎಂದು ತಿಳಿಯದ ಹಾಗೆ. ಇಡೀ ದಾರಿ ಕ್ಲಚ್ಚಿನ ಮೇಲೆ ಅರ್ಧ ಪಾದ. ಸಂಜೆಯ ಹೊತ್ತಿಗೆ ಮೈದಾನ ಪೂರ್ತಿ ಆ ವಾಸನೆ.

ನಾನು ಅಲ್ಲಿ ಮೈಕ್ ಹಿಡಿಯುವವನು. ಶರಣಪ್ಪ ಎಂದು ಶಾಲೆಯ ದಾಖಲೆಯಲ್ಲಿದೆ. ಊರಿಗೆಲ್ಲ ಮೈಕ್ ಶರಣ್ಯಾ. ಯಾರದಾದರೂ ದನಿ ಎರಡು ಸಲ ಕೇಳಿದರೆ ಮೂರನೇ ಸಲ ಅವರ ಹೆಂಡತಿಯೂ ವ್ಯತ್ಯಾಸ ಗುರುತಿಸದಂತೆ ತೆಗೆಯುತ್ತಿದ್ದೆ. ಈ ವಿದ್ಯೆಯೊಂದನ್ನು ಬಿಟ್ಟರೆ ಬೇರೆ ವಿದ್ಯೆಗೆ ನನ್ನ ಪರಿಚಯವಿರಲಿಲ್ಲ. ಹತ್ತನೇ ತರಗತಿಯ ಗಣಿತ ನನ್ನನ್ನು ಮೂರು ಸಲ ನೋಡಿ ಮೂರು ಸಲವೂ ಬೇಡ ಎಂದಿತ್ತು.

ಸ್ಪರ್ಧೆಗಳ ರಾಜ ಮೌಲಾಸಾಬ. ಆಗ ಮೂವತ್ತೆಂಟರ ಆಸುಪಾಸು. ಕನ್ನಡಿ ನೋಡುತ್ತಿರಲಿಲ್ಲ, ಕುತ್ತಿಗೆಯನ್ನು ಗೂಬೆಯ ಹಾಗೆ ಪೂರ್ತಿ ಹಿಂದಕ್ಕೆ ತಿರುಗಿಸಿ, ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದು ಕೈ ಮಡ್‌ಗಾರ್ಡಿನ ಮೇಲೆ ಇಟ್ಟುಕೊಂಡು ಹೊರಟನೆಂದರೆ ಟ್ರೇಲರ್ ತಾನೇ ದಾರಿ ನೋಡಿಕೊಂಡಂತೆ ಹೋಗುತ್ತಿತ್ತು. ನಮ್ಮ ಸುತ್ತಿನ ಅರ್ಧ ಮಂದಿಗೆ ಗಾಡಿ ಕಲಿಸಿದವನು ಅವನೇ. ಹಾಗಿದ್ದ ಮೇಲೆ ಅದನ್ನೇ ಕಸುಬು ಮಾಡಿಕೊಳ್ಳೋಣ, ಮೋಟಾರ್ ಡ್ರೈವಿಂಗ್ ಸ್ಕೂಲಿನ ತರಬೇತುದಾರ ಆಗೋಣ ಎಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಲೈಸೆನ್ಸು, ಫೋಟೊ ಎಲ್ಲ ಜೋಡಿಸಿಕೊಂಡು ಕೊಪ್ಪಳದ ಆರ್‌ಟಿಒ ಕಚೇರಿಗೆ ಹೋದ. ಅಲ್ಲಿಯ ಗುಮಾಸ್ತರು ಹತ್ತನೇ ತರಗತಿಯ ಅಂಕಪಟ್ಟಿ ಕೇಳಿದರು. ಮೌಲಣ್ಣ ಶಾಲೆ ಬಿಟ್ಟದ್ದು ಏಳನೇತ್ತಕ್ಕೆ. ಆ ಗುಮಾಸ್ತರು ಕೆಟ್ಟವರೇನಲ್ಲ. ನನಗ ಕಾರು ಕಲಿಸಿದಾಂವ ನೀನ ಅನ್ನೂದು ಖರೆ ಅಣ್ಣಾ, ಆದ್ರ ಕಾಗದ ಕೇಳತೈತಲ್ಲ ಎಂದು ಅವರೇ ನಾಚಿಕೊಂಡರಂತೆ. ಮೌಲಣ್ಣ ಅದೇ ಇಸ್ತ್ರಿ ಮುರಿಯದ ಅಂಗಿಯಲ್ಲಿ ವಾಪಸ್ ಬಂದ.

ಅವನ ಹೆಂಡತಿ ಶಾಹಿನಾ ಭಾಬಿ ಪಿಯುಸಿ ಪಾಸಾದವಳು. ಮನೆಯಲ್ಲಿ ಅಂಕಪಟ್ಟಿ ಇದ್ದದ್ದು ಅವಳೊಬ್ಬಳದೇ. ಅದನ್ನು ಟ್ರಂಕಿನ ತಳದಲ್ಲಿ, ಮದುವೆಯ ಸೀರೆಗಿಂತ ಕೆಳಗೆ ಇಟ್ಟಿದ್ದಳು. ಮುಕ್ತ ಶಾಲೆ ಎಂದೊಂದಿದೆ, ಮನೆಯಲ್ಲೇ ಕೂತು ಹತ್ತನೇ ತರಗತಿ ಕಟ್ಟಬಹುದು, ಪಾಠ ಮೊಬೈಲಿನಲ್ಲಿ ಬರುತ್ತದೆ, ಪರೀಕ್ಷೆಗಷ್ಟೇ ಹೋದರೆ ಸಾಕು ಎಂದು ಹುಡುಕಿ ತೆಗೆದವಳೂ ಅವಳೇ. ಮೌಲಣ್ಣ ಒಪ್ಪಲಿಲ್ಲ. ಈ ಮೀಸೆ ಇಟ್ಟುಕೊಂಡು ಒಬ್ಬನೇ ಕೂತು ಓದಲು ನಾಚಿಕೆ ಎಂದ. ಹಾಗಾದರೆ ಮೀಸೆ ಇರುವ ಇನ್ನಷ್ಟು ಜನರನ್ನು ಕೂರಿಸುತ್ತೇನೆ ಎಂದಳು ಭಾಬಿ.

ಅವಳು ಮಾಡಿದ ಉಪಾಯ ಇದು. ನಮ್ಮ ಸುತ್ತಿನ ಸ್ಪರ್ಧೆಗಳ ಕಮಿಟಿಯಲ್ಲಿ ಮೌಲಣ್ಣನ ಮಾತು ನಡೆಯುತ್ತಿತ್ತು. ಮನೆಯಲ್ಲಿ ಭಾಬಿಯ ಮಾತು. ಆದ್ದರಿಂದ ಹೊಸ ನಿಯಮ ಬಂತು. ಸುಣ್ಣದ ಗೆರೆಯ ಹತ್ತಿರ ಟ್ರ್ಯಾಕ್ಟರು ನಿಂತ ಕೂಡಲೇ ಆ ವಾರದ ಪಾಠದಿಂದ ಒಂದು ಪ್ರಶ್ನೆ. ಸರಿ ಹೇಳಿದರೆ ಹೊರಡು. ತಪ್ಪಿದರೆ ನಿನ್ನ ಹೊತ್ತಿಗೆ ಐದು ಸೆಕೆಂಡು ಸೇರಿತು. ಒಂದೂವರೆ ಸೆಕೆಂಡಿಗೆ ಗೆಲುವು ಸೋಲು ಆಗುವ ಆಟದಲ್ಲಿ ಐದು ಸೆಕೆಂಡು ಅಂದರೆ ಕೊಪ್ಪಳದ ಕೋಟೆ ಹತ್ತಿ ಇಳಿದಷ್ಟು. ಕೇಳುವವಳು ಭಾಬಿಯೇ. ತಲೆ ಮೇಲೆ ದುಪಟ್ಟಾ, ಕೈಯಲ್ಲಿ ರಟ್ಟು, ಕೊರಳಲ್ಲಿ ಸೀಟಿ.

ಕುಷ್ಟಗಿಯಲ್ಲಿ ಮೊದಲ ಸಲ ಈ ನಿಯಮ ಹೇಳಿದಾಗ ಅಲ್ಲಿಯ ಹಿರಿಯರೊಬ್ಬರು ಕುರ್ಚಿ ಬಿಟ್ಟು ಎದ್ದರು.

"ಏನವಾ ಇದು, ಸ್ಪರ್ಧೆನೋ ಸಾಲಿನೋ? ಗಾಡಿ ಓಡಸಾಕ ಬಂದಾವರಿಗೆ ಹೃದಯಕ್ಕ ಎಷ್ಟು ಕೋಣಿ ಅಂತ ಕೇಳಿದ್ರ ಏನ್ ಹೇಳಬೇಕು?"

"ನಾಕು ಅಂತ ಹೇಳಬೇಕ್ರಿ ಕಾಕಾ," ಎಂದಳು ಭಾಬಿ. "ನೀವು ಗಾಡಿ ಹತ್ತಿದ್ರ ನಿಮಗ ಪ್ರಶ್ನೆ ಬ್ಯಾರೆ ಕೇಳತೀನಿ, ಅಂಜಬ್ಯಾಡ್ರಿ."

ಮೈದಾನ ನಕ್ಕಿತು. ಹಿರಿಯರು ಕೂತರು. ಆ ದಿನ ಗೆಲ್ಲಬೇಕಾಗಿದ್ದ ಒಬ್ಬ ಹುರಿಯಾಳು, ಹೃದಯಕ್ಕೆ ಎರಡು ಕೋಣೆ ಎಂದು ಹೇಳಿ ಮೂರನೆಯವನಾದ. ಮುಂದಿನ ವಾರ ಅವನು ಪಾಠ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಹೀಗೆ ಬಂದವರಲ್ಲಿ ಹತ್ತು ಜನ ಮೌಲಣ್ಣನ ಜೊತೆ ಮುಕ್ತ ಶಾಲೆಯ ಅರ್ಜಿ ತುಂಬಿದರು. ಒಟ್ಟು ಹನ್ನೊಂದು. ನೀನೂ ತುಂಬೋ ಶರಣ್ಯಾ, ಹೆಂಗೂ ಫೇಲಾಗಿ ಕುಂತಿ ಎಂದು ಭಾಬಿ ನನಗೂ ಒಂದು ಅರ್ಜಿ ಚಾಚಿದಳು. ನಾನು ಕಲಾವಿದ, ನನಗೇಕೆ ಇದೆಲ್ಲ ಎಂದು ಮೈಕ್ ಒರೆಸಿಕೊಂಡೆ.

ಆದರೆ ಮೊಬೈಲಿನ ಪಾಠ ಹತ್ತಲಿಲ್ಲ. ಬಯಲಿನಲ್ಲಿ ವಿಡಿಯೊ ಸುತ್ತುತ್ತಲೇ ಇರುತ್ತಿತ್ತು, ಸುತ್ತುವುದು ನಿಂತರೆ ಬಿಸಿಲಿಗೆ ಪರದೆ ಕಾಣುತ್ತಿರಲಿಲ್ಲ. ಕಂಡರೆ ಅದರಲ್ಲೊಬ್ಬ ನುಣುಪು ದನಿಯ ಮೇಡಂ, ಗಮನಿಸಿ ಮಕ್ಕಳೇ ಎನ್ನುತ್ತಿದ್ದರು. ಮೂರು ಮಕ್ಕಳ ತಂದೆಯೊಬ್ಬ ಇದಕ್ಕೆ ಭಾಳ ಬೇಸರ ಮಾಡಿಕೊಂಡ. ಆಗ ನನ್ನ ನಸೀಬು ತೆರೆಯಿತು. ನಮ್ಮ ಕಡೆಯ ಪ್ರತಿ ಟ್ರ್ಯಾಕ್ಟರಿಗೂ ಎಂಜಿನ್ನಿಗಿಂತ ದೊಡ್ಡ ಡೆಕ್ಕು, ಎರಡು ಸ್ಪೀಕರ್ ಡಬ್ಬಿ ಇದ್ದೇ ಇರುತ್ತವೆ. ನೀ ನಮ್ಮ ಮಾತಿನ್ಯಾಗ ಪಾಠ ಹೇಳಿ ಪೆನ್‌ಡ್ರೈವಿಗೆ ಹಾಕು ಎಂದರು. ನಾನು ಪುಸ್ತಕ ತೆರೆದು ಪಾಠಕ್ಕೊಂದು ದನಿ ಹಂಚಿದೆ. ಇತಿಹಾಸಕ್ಕೆ ಬಸ್ ಕಂಡಕ್ಟರ್: ಚಾಲುಕ್ಯರು ಇಳೀರಿ, ರಾಷ್ಟ್ರಕೂಟರು ಹತ್ತರಿ, ಬಾಗಲಾಗ ನಿಂದ್ರಬ್ಯಾಡ್ರಿ. ಗಣಿತಕ್ಕೆ ರೈಸ್ ಮಿಲ್ಲಿನ ದಲಾಲಿ. ಹೀಗೆ ಮೂರನೇ ಸಲ ಬೇಡ ಎಂದ ಗಣಿತವನ್ನು ನಾನು ದಲಾಲಿಯ ವೇಷದಲ್ಲಿ ಹೋಗಿ ಮಾತಾಡಿಸಿದೆ.

ವಿಜ್ಞಾನಕ್ಕೆ ಯಾರ ದನಿ ಎಂದು ಯೋಚಿಸುತ್ತಿದ್ದಾಗ ಮೌಲಣ್ಣ ತಾನೇ ಹೇಳಿದ: ವಿರೂಪಾಕ್ಷಪ್ಪ ಸರ್ ದನಿ ತಗಿ. ವಿರೂಪಾಕ್ಷಪ್ಪ ಸರ್ ಎಂದರೆ ನಮ್ಮ ಕಡೆಯ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು. ಮೌಲಣ್ಣ ಏಳನೇತ್ತ ಇದ್ದಾಗ ಅದೇ ಊರಿನ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರರು. ನನಗೂ ಅವರೇ ವಿಜ್ಞಾನ ಕಲಿಸಿದ್ದು, ಅಂದರೆ ಕಲಿಸಲು ನೋಡಿದ್ದು. ಎರಡು ಸಲ ಕೆಮ್ಮಿ, ಕನ್ನಡಕ ಮೂಗಿನ ತುದಿಗೆ ಇಳಿಸಿ, ತಿಳೀತೇನು ಎಂದು ಕೇಳುವುದು. ನಾವು ಬಾಯಿ ತೆರೆಯುವುದರೊಳಗೆ, ತಿಳೀಲಿಕ್ಕಿಲ್ಲ ಬಿಡು ಎಂದು ತಾವೇ ಮುಗಿಸುವುದು. ಇಷ್ಟು ಒಳ್ಳೆಯ ಸರಕು ಮಿಮಿಕ್ರಿ ಮಾಡುವವನಿಗೆ ದೇವರು ಸುಮ್ಮನೆ ಕೊಡುವುದಿಲ್ಲ. ನಾನು ಮೌಲಣ್ಣ ತಮಾಷೆಗೆ ಕೇಳಿದನೆಂದೇ ತಿಳಿದೆ.

ಆ ಎರಡು ಮೂರು ತಿಂಗಳು ಗದ್ದೆ ಬಯಲಿನಲ್ಲಿ ನಡೆದದ್ದನ್ನು ಈಗ ಹೇಳಿದರೆ ಸುಳ್ಳು ಎನ್ನುತ್ತಾರೆ. ಕೂಳೆಯ ನಡುವೆ ಟ್ರ್ಯಾಕ್ಟರುಗಳು ಹಿಂದೆ ಮುಂದೆ ಆಡುತ್ತಿದ್ದವು, ಡೆಕ್ಕಿನಿಂದ ದ್ಯುತಿಸಂಶ್ಲೇಷಣೆ ಹೊರಬರುತ್ತಿತ್ತು. ಹುಲ್ಲು ಕಟ್ಟುತ್ತಿದ್ದ ಹೆಂಗಸರು ಪತ್ರಹರಿತ್ತು ಪತ್ರಹರಿತ್ತು ಎಂದು ಒಬ್ಬರನ್ನೊಬ್ಬರು ಛೇಡಿಸುತ್ತಿದ್ದರು. ತಿಳೀತೇನು ಎಂದು ಸ್ಪೀಕರು ಕೆಮ್ಮಿದರೆ, ತಿಳೀಲಿಕ್ಕಿಲ್ಲ ಬಿಡು ಎಂದು ನಾಲ್ಕು ಗದ್ದೆಗಳಾಚೆಯಿಂದ ಉತ್ತರ ಬರುತ್ತಿತ್ತು.

ಮೌಲಣ್ಣನ ಕಷ್ಟ ಮಾತ್ರ ಬೇರೆಯೇ ತರಹದ್ದು. ಕೇಳಿದ್ದೆಲ್ಲ ನೆನಪಿರುತ್ತಿತ್ತು, ಬರೆದದ್ದೆಲ್ಲ ತಿರುಗಿ ಬರುತ್ತಿತ್ತು. ಒಂದು ದಿನ ಕರ್ನಾಟಕದ ನಕಾಶೆ ಬರೆದು ಊರು ಗುರುತಿಸು ಎಂದರೆ ಮಂಗಳೂರನ್ನು ಬಲಗಡೆಗೂ ಕೋಲಾರವನ್ನು ಎಡಗಡೆಗೂ ಇಟ್ಟ. ಸಮುದ್ರವನ್ನು ಆಂಧ್ರದ ಮೇಲೆ ಹರಿಸಿದ್ದ. ಭಾಬಿ ಹಣೆ ಬಡಿದುಕೊಂಡಳು. ಅವನು ತಣ್ಣಗೆ, ಹಿಂದಕ್ಕ ನೋಡಿ ಬರದೀನಿ, ಹಂಗ ನೋಡಿದ್ರ ಸರಿ ಐತಿ ಎಂದ. ಇಪ್ಪತ್ತು ವರ್ಷ ಜಗತ್ತನ್ನು ಹೆಗಲ ಮೇಲಿಂದಲೇ ನೋಡಿದವನಿಗೆ ಎಡಬಲ ಅದಲುಬದಲಾಗಿ ಕೂತಿದ್ದವು. ಕೊನೆಗೆ ಭಾಬಿ ಅವನನ್ನು ಕುರ್ಚಿಯಲ್ಲಿ ಉಲ್ಟಾ ಕೂರಿಸಿ, ಬೆನ್ನ ಹಿಂದಿನ ಗೋಡೆಗೆ ನಕಾಶೆ ಅಂಟಿಸಿ, ಕುತ್ತಿಗೆ ತಿರುಗಿಸಿ ನೋಡಲು ಹೇಳಿದಳು. ಅರ್ಧ ಗಂಟೆಯಲ್ಲಿ ಮೂವತ್ತೊಂದು ಜಿಲ್ಲೆಯೂ ತಮ್ಮ ತಮ್ಮ ಜಾಗಕ್ಕೆ ಬಂದವು.

ಪರೀಕ್ಷೆಗೆ ಕೂರಬೇಕಾದರೆ ಪ್ರತಿಯೊಬ್ಬರೂ ಅಸೈನ್‌ಮೆಂಟ್ ಪುಸ್ತಕ ಬರೆದು, ಅದಕ್ಕೆ ಅಧ್ಯಯನ ಕೇಂದ್ರದ ಮುಖ್ಯಸ್ಥರ ಸಹಿ ಹಾಕಿಸಬೇಕು. ನಮ್ಮ ಕೇಂದ್ರ ಇದ್ದದ್ದು ಅದೇ ಪ್ರೌಢಶಾಲೆಯಲ್ಲಿ. ಮುಖ್ಯಸ್ಥರು ವಿರೂಪಾಕ್ಷಪ್ಪ ಸರ್. ಇದು ಗೊತ್ತಿದ್ದೇ ಭಾಬಿ ಯಲಬುರ್ಗಾದ ಸ್ಪರ್ಧೆಗೆ ಅವರನ್ನು ಮುಖ್ಯ ಅತಿಥಿಯಾಗಿ ಕರೆಸಿದಳು. ಅವರ ಹುಟ್ಟೂರೂ ಅಲ್ಲೇ ಹತ್ತಿರ. ಓದುವ ಡ್ರೈವರುಗಳನ್ನು ಕಣ್ಣಾರೆ ನೋಡಿದರೆ ಅವರಿಗೂ ಖುಷಿಯಾದೀತು ಎಂಬ ಲೆಕ್ಕ. ಪುಸ್ತಕಗಳು ಆಗಲೇ ಅವರ ಮೇಜಿನ ಮೇಲಿದ್ದವು, ಸಹಿಯ ಕೊನೆಯ ದಿನಕ್ಕೆ ಇನ್ನೂ ನಾಲ್ಕು ದಿನವಿತ್ತು.

ಕಡಲೆ ಕಿತ್ತ ಎರೆಭೂಮಿ. ಬಿರುಕುಗಳನ್ನು ರೋಲರ್ ಹೊಡೆದು ಮುಚ್ಚಿದ್ದರು. ಸರ್ ಶಾಮಿಯಾನದ ಕೆಳಗೆ ಹೂವಿನ ಹಾರ ಮಡಿಲಲ್ಲಿಟ್ಟುಕೊಂಡು ಗಂಭೀರವಾಗಿ ಕೂತಿದ್ದರು. ಮೊದಲ ಸುತ್ತು ಮುಗಿಯಿತು. ಎರಡನೆಯ ಸುತ್ತಿಗೆ ಗಳು ಸರಿಪಡಿಸುವವರೆಗೆ ಒಂದು ಹಾಡು ಹಾಕೋಣ ಎಂದು ನಾನು ಪೆನ್‌ಡ್ರೈವ್ ಚುಚ್ಚಿದೆ. ಕೆಂಪು ಪೆನ್‌ಡ್ರೈವ್ ಹಾಡಿನದು, ಕಪ್ಪು ಪಾಠದ್ದು. ಯಾವುದು ಚುಚ್ಚಿದೆ ಎಂದು ನಿಮಗೆ ಆಗಲೇ ಗೊತ್ತಾಗಿದೆ. ನನಗೆ ಮಾತ್ರ ಆಗ ಗೊತ್ತಾಗಲಿಲ್ಲ.

ನಾಲ್ಕು ದಿಕ್ಕಿನ ನಾಲ್ಕು ಸ್ಪೀಕರುಗಳಿಂದ ಮೊದಲು ಎರಡು ಕೆಮ್ಮು. ಆಮೇಲೆ ಸರ್ ದನಿ: ಟ್ರ್ಯಾಕ್ಟರಿನ ಬಾಜೂಕ ಇರೋ ಕನ್ನಡಿ, ಅದು ನಿಮ್ನ ದರ್ಪಣ. ತಿಳೀತೇನು? ಶಾಮಿಯಾನದ ಕೆಳಗಿದ್ದ ಸರ್ ಕನ್ನಡಕ ಮೂಗಿನ ತುದಿಗೆ ಇಳಿಯಿತು. ನಾನು ಬಟನ್ ಹುಡುಕುವುದರೊಳಗೆ, ಅಭ್ಯಾಸಬಲದಿಂದ, ಮೈದಾನದಲ್ಲಿದ್ದ ಡ್ರೈವರುಗಳೆಲ್ಲ ಒಕ್ಕೊರಲಿನಿಂದ, ತಿಳೀಲಿಕ್ಕಿಲ್ಲ ಬಿಡು ಎಂದರು. ಅವರ ಹಿಂದೆ ಜನ. ಜನರ ಹಿಂದೆ ಐಸ್‌ಕ್ಯಾಂಡಿ ಮಾರುವವನು ಕೂಡ.

ಸರ್ ಎದ್ದರು. ಹಾರವನ್ನು ಕುರ್ಚಿಯ ಮೇಲೆ ಇಟ್ಟರು, ಮೋಟಾರ್ ಸೈಕಲ್ ಹತ್ತಿದರು, ಹೋದರು. ಮರುದಿನ ಹನ್ನೊಂದು ಪುಸ್ತಕಗಳೂ ಸಹಿ ಇಲ್ಲದೆ ಭಾಬಿಯ ಮನೆಗೆ ವಾಪಸ್ ಬಂದವು. ತಂದ ಜವಾನ ಹೇಳಿದ ಪ್ರಕಾರ, ಅದೇ ಮೈಕಿನಲ್ಲಿ ಅಷ್ಟೇ ಜನರ ಮುಂದೆ ನಾನು ಕ್ಷಮೆ ಕೇಳಬೇಕು, ಇನ್ನು ಮುಂದೆ ಯಾರ ದನಿಯನ್ನೂ ತೆಗೆಯುವುದಿಲ್ಲ ಎಂದು ಬರೆದುಕೊಡಬೇಕು. ಆಮೇಲೆ ನೋಡೋಣ.

ನಾನು ಆ ದಿನ ಮಾಡಿದ ತಮಾಷೆ ಇಷ್ಟೇ: ಒಂದೂ ಮಾಡಲಿಲ್ಲ. ಹನ್ನೊಂದು ಜನರ ಓದು ನನ್ನ ನಾಲಿಗೆಯ ತೆವಲಿಗೆ ಹೋಗುತ್ತಿತ್ತು. ಅದರಲ್ಲೂ ಮೌಲಣ್ಣನಿಗೆ ಇದು ಹೋದರೆ ಮತ್ತೆ ಕುರ್ಚಿಯಲ್ಲಿ ಕೂರುವವನಲ್ಲ ಎಂದು ಭಾಬಿಗೂ ಗೊತ್ತಿತ್ತು, ನನಗೂ. ಕ್ಷಮೆ ಕೇಳುತ್ತೇನೆ, ಬರೆದೂ ಕೊಡುತ್ತೇನೆ ಎಂದು ಅವನ ಮನೆಗೆ ಹೋದೆ. ಅವನು ಅಂಗಳದಲ್ಲಿ ಕ್ಲಚ್ ಪ್ಲೇಟು ಬಿಚ್ಚಿಟ್ಟುಕೊಂಡು ಕೂತಿದ್ದ. ತಲೆ ಎತ್ತಲಿಲ್ಲ.

"ನೀ ಕ್ಷಮಾ ಕೇಳಿದಂದ್ರ ನಾ ಪರೀಕ್ಷಾ ಬರಿಯಂಗಿಲ್ಲ ನೋಡು."

"ಯಾಕೋ ಮೌಲಣ್ಣ? ತಪ್ಪು ನಂದ ಐತಲ್ಲ."

"ದನಿ ತಗಿ ಅಂದಾಂವ ನಾನು. ನಾಳೆ ಹೋಗೂಣು. ನೀ ಬಾಯಿ ಮುಚಗೊಂಡು ಹಿಂದ ಕೂಡ್ರು."

ಬಾಯಿ ಮುಚ್ಚಿಕೊಂಡು ಹಿಂದೆ ಕೂಡುವುದು ನನ್ನ ಜನ್ಮದಲ್ಲಿ ಯಾರೂ ಕೊಡದ ಕೆಲಸ. ಒಪ್ಪಿಕೊಂಡೆ.

ಮರುದಿನ ಬೆಳಗಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಹನ್ನೊಂದು ಟ್ರ್ಯಾಕ್ಟರುಗಳು, ಟ್ರೇಲರ್ ಸಮೇತ, ಶಾಲೆಯ ಓಣಿಗೆ ಬಂದವು. ಆ ಓಣಿಯಲ್ಲಿ ಟ್ರೇಲರ್ ಹೊರಳಿಸಲು ಜಾಗವಿಲ್ಲ. ಹಾಗಾಗಿ ಮುಖ್ಯರಸ್ತೆಯಿಂದಲೇ ಎಲ್ಲರೂ ರಿವರ್ಸಿನಲ್ಲಿ, ಒಂದರ ಹಿಂದೊಂದು. ಮಕ್ಕಳು ಸಾಲು ಮುರಿದು ಕಂಪೌಂಡಿನ ಮೇಲೆ ಹತ್ತಿದರು. ಹತ್ತು ಟ್ರ್ಯಾಕ್ಟರು ಓಣಿಯಲ್ಲೇ ನಿಂತವು. ಮೌಲಣ್ಣ ಒಬ್ಬನೇ ಶಾಲೆಯ ಗೇಟಿನೊಳಗೆ ಟ್ರೇಲರ್ ಹೊಗಿಸಿದ. ಆ ಕಡೆ ನಾಲ್ಕು ಬೆರಳು, ಈ ಕಡೆ ನಾಲ್ಕು ಬೆರಳು ಜಾಗ. ಗೇಟಿನ ಬಣ್ಣಕ್ಕೂ ತಾಗಲಿಲ್ಲ. ನಾನು ಟ್ರೇಲರಿನಲ್ಲಿ, ಮಡಿಲಲ್ಲಿ ಹನ್ನೊಂದು ಪುಸ್ತಕ. ನಾಲಿಗೆಯ ತುದಿಯಲ್ಲಿ ಕಾಮೆಂಟರಿ ಕುದಿಯುತ್ತಿತ್ತು, ನುಂಗಿಕೊಂಡೆ. ಹಿಂದಕ್ಕೆ ನೋಡುತ್ತ ಬಂದವನಾದ್ದರಿಂದ ಮೌಲಣ್ಣನ ಮುಖ ಮೊದಲಿನಿಂದಲೂ ಸರ್ ಕಡೆಗೇ ಇತ್ತು.

ಎಂಜಿನ್ ಆರಿಸಿ ಇಳಿದ. ಕಟ್ಟೆಯ ಕೆಳಗೆ ಚಪ್ಪಲಿ ಬಿಟ್ಟ. ಸರ್ ಕಟ್ಟೆಯ ಮೇಲೆ ನಿಂತಿದ್ದರು.

"ಕ್ಷಮಾ ಕೇಳಾಕ ಇಷ್ಟು ಮಂದಿ ಬೇಕಾತೇನು?"

"ಕ್ಷಮಾ ಕೇಳಾಕ ಬಂದಿಲ್ರಿ ಸರ್. ಈ ಹುಡುಗಗ ನಿಮ್ಮ ದನಿ ತಗಿ ಅಂತ ಹೇಳಿದಾಂವ ನಾನರಿ."

"ನನ್ನ ಮ್ಯಾಲ ಮಂದಿ ನಗಲಿ ಅಂತೇನು?"

"ಅಲ್ರಿ." ಮೌಲಣ್ಣ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡ. "ಏಳನೇತ್ತ ಇದ್ದಾಗ ಸುಗ್ಗಿಗೆ ಟ್ರ್ಯಾಕ್ಟರ್ ಹೊಡಿಯಾಕ ಹೋಗಿ ಹದಿನೈದು ದಿನಾ ಸಾಲಿ ತಪ್ಪಿಸಿದ್ನಿ. ವಾಪಸ್ ಬಂದ ದಿನಾ ನೀವು ಹಾಜರಿ ಕರದ್ರಿ. ನನ್ನ ಹೆಸರು ಬರಲಿಲ್ಲ. ಕೆಂಪು ಮಸಿ ಹೊಡದೀನಿ, ಹೋಗು, ನಿನಗ ತಿಳೀಲಿಕ್ಕಿಲ್ಲ ಅಂದ್ರಿ. ನಾ ಹ್ವಾದ್ನಿ. ನನ್ನ ಹೊರಗ ಹಾಕಿದ್ದು ಆ ದನಿ ರಿ. ಒಳಗ ಕರದ್ರ ಅದ ಕರೀಬೇಕು. ಬ್ಯಾರೆ ದನಿ ಕರದ್ರ ನನಗ ಕೇಳಂಗಿಲ್ಲ."

ನನಗೆ ಆಗ ತಿಳಿಯಿತು: ಇಷ್ಟು ತಿಂಗಳು ನಾನು ತಮಾಷೆ ಎಂದು ಹಂಚಿದ್ದನ್ನು ಒಬ್ಬ ಮನುಷ್ಯ ತಮಾಷೆ ಎಂದು ಒಂದು ದಿನವೂ ಕೇಳಿರಲಿಲ್ಲ.

ಮೌಲಣ್ಣ ನನ್ನ ಕೈಯಿಂದ ಪುಸ್ತಕಗಳನ್ನು ತೆಗೆದುಕೊಂಡು ಕಟ್ಟೆಯ ಮೇಲಿಟ್ಟ.

"ನಕಲಿ ಬ್ಯಾಡಂದ್ರ ಅಸಲಿ ಕೊಡ್ರಿ ಸರ್. ಹನ್ನೊಂದು ಮಂದಿ ಅದೀವಿ. ಸಹಿ ಹಾಕ್ರಿ, ಬಿಡ್ರಿ, ನಾವು ಓದೂದು ಬಿಡಂಗಿಲ್ಲ."

ಸರ್ ಪುಸ್ತಕ ಮುಟ್ಟಲಿಲ್ಲ. ನನ್ನ ಕಡೆ ತಿರುಗಿದರು. ಈಗ ಬಯ್ಗುಳ ಬಂತು ಎಂದು ಕಣ್ಣು ಮುಚ್ಚಿದೆ.

"ಬಾಜೂದ ಕನ್ನಡಿ ನಿಮ್ನ ದರ್ಪಣ ಅಂತ ನಿನಗ ಹೇಳಿಕೊಟ್ಟಾವರು ಯಾರು?"

ಯಾರೂ ಇಲ್ಲ, ನಾನೇ ಎಂದೆ.

"ಅದು ಪೀನ ದರ್ಪಣ. ಹಿಂದ ಬರೋದೆಲ್ಲ ಸಣ್ಣದಾಗಿ, ನೆಟ್ಟಗ ಕಾಣಬೇಕು, ಅದಕ್ಕ ಪೀನ. ಮೂವತ್ತು ವರ್ಷದಾಗ ಬೋರ್ಡಿನ ಮ್ಯಾಲ ಒಂದು ತಪ್ಪು ಬರದಿಲ್ಲ ನಾನು. ಸಾವಿರ ಮಂದಿ ಮುಂದ ನನ್ನ ದನ್ಯಾಗ ತಪ್ಪು ಹೇಳಿಸಿದಿ."

ಅವರ ದನಿ ನಡುಗಿತು. ನಾನು ಎಷ್ಟೋ ಸಲ ಆ ದನಿಯನ್ನು ತೆಗೆದಿದ್ದೆ, ನಡುಗುವುದನ್ನು ಕಲಿತಿರಲಿಲ್ಲ. ಟ್ರೇಲರಿನ ಪಕ್ಕಕ್ಕೆ ಬಂದು ಮೌಲಣ್ಣ ಮೆಲ್ಲಗೆ, ನಾ ಅವತ್ತ ಹೇಳಿದ್ನಿಲ್ಲೋ, ಕನ್ನಡ್ಯಾಗ ಟ್ರೇಲರ್ ಸಣ್ಣದು ಕಾಣತೈತಿ, ಪೀನ ಇರಬೇಕು ಅಂತ ಎಂದು ನನ್ನನ್ನು ತಿವಿದ. ಸರ್ ಅದನ್ನು ಕೇಳಿಸಿಕೊಂಡರು. ಕನ್ನಡಕ ಮೇಲೇರಿಸಿ ಅವನನ್ನು ನೋಡಿದರು. ಪುಸ್ತಕ ಇಟ್ಟು ಹೋಗ್ರಿ ಎಂದರು. ಸಹಿಯ ಮಾತು ಎತ್ತಲಿಲ್ಲ.

ಹೊರಡುವಾಗ ಹನ್ನೊಂದೂ ಟ್ರ್ಯಾಕ್ಟರುಗಳು ಮುಂದಕ್ಕೆ ಹೋದವು. ಅದೊಂದೇ ವಿಚಿತ್ರವಾಗಿ ಕಂಡಿತು.

ಉಳಿದದ್ದು ಎರಡು ದಿನ. ಮೊದಲನೆಯ ದಿನ ಏನೂ ಆಗಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಭಾಬಿಯ ಮೊಬೈಲಿಗೆ ಒಂದು ಆಡಿಯೊ ಬಂತು. ಸರ್ ಕಳಿಸಿದ್ದು. ಅವರ ಜೀವನದ ಮೊದಲ ಆನ್‌ಲೈನ್ ಪಾಠ. ನಾನು ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಗದ್ದೆಗೆ ಓಡಿದೆ. ಮೌಲಣ್ಣ ಬಿದಿರು ಗಳುಗಳ ನಡುವೆ ಹಿಂದಕ್ಕೆ ಆಡುತ್ತಿದ್ದ. ಡೆಕ್ಕಿಗೆ ಚುಚ್ಚಿದೆ.

ಎರಡು ಕೆಮ್ಮು. ಆಮೇಲೆ ಪಾಠವಲ್ಲ, ಹಾಜರಿ. ಮೂವತ್ತು ವರ್ಷದ ರೂಢಿ. ಧ್ವನಿಮುದ್ರಣದಲ್ಲಿ ಯಾರೂ ಎದುರಿಗೆ ಇರುವುದಿಲ್ಲ ಎಂಬುದು ಅವರಿಗೆ ಹೊಳೆದೇ ಇರಲಿಲ್ಲ. ಪುಸ್ತಕಗಳ ಮೇಲಿನ ಹೆಸರುಗಳನ್ನು ಒಂದೊಂದಾಗಿ ಓದಿ, ಪ್ರತಿ ಹೆಸರಿನ ನಂತರ ಉತ್ತರಕ್ಕೆ ಕಾಯುತ್ತಿದ್ದರು. ಆ ಖಾಲಿ ಜಾಗದಲ್ಲಿ ಅವರ ಕೋಣೆಯ ಫ್ಯಾನು ಕಿರುಗುಟ್ಟುವುದು ಕೇಳುತ್ತಿತ್ತು. ನಾನು ನಗಲು ಬಾಯಿ ತೆರೆದೆ.

"ಮೌಲಾಸಾಬ," ಎಂದರು ಸರ್.

ಮೌಲಣ್ಣ ಎಂಜಿನ್ ಆರಿಸಿದ. ಸೀಟಿನಿಂದ ಎದ್ದು ನಿಂತ, ಬಲಗೈಯಲ್ಲಿ ಸ್ಟೇರಿಂಗ್ ಹಿಡಿದೇ.

"ಹಾಜರ್ರೀ ಸರ್."

ಸುತ್ತ ಯಾರೂ ಇರಲಿಲ್ಲ, ನನ್ನನ್ನೂ ಕೂಳೆಯನ್ನೂ ಬಿಟ್ಟು. ಮುಂದಿನ ಹೆಸರು ಬರುವವರೆಗೆ ಅವನು ನಿಂತೇ ಇದ್ದ. ಆಮೇಲೆ ಪಾಠ ಶುರುವಾಯಿತು: ಪೀನ ದರ್ಪಣ, ನಿಮ್ನ ದರ್ಪಣ, ಹೆಡ್‌ಲೈಟಿನೊಳಗೆ ಯಾವುದು, ಬಾಜೂಕ್ಕೆ ಯಾವುದು. ಕೊನೆಗೆ, ತಿಳೀತೇನು ಎಂದು ಕೇಳಿದರು. ನಾನೂ ಮೌಲಣ್ಣನೂ ಇಬ್ಬರೂ ಕಾದೆವು. ಅವರ ಮುಂದಿನ ಮಾತು ಬರಲಿಲ್ಲ. ಫ್ಯಾನಿನ ಸದ್ದು ಅಷ್ಟೇ, ಆಮೇಲೆ ಅದೂ ನಿಂತಿತು.

ಅದೇ ಸಂಜೆ ಸಹಿ ಬಂತು, ಹನ್ನೊಂದೂ ಪುಸ್ತಕಕ್ಕೆ, ಕೆಂಪು ಮಸಿಯಲ್ಲಿ. ಅವರ ಹತ್ತಿರ ಬೇರೆ ಪೆನ್ನೇ ಇರಲಿಲ್ಲವೋ, ಬೇಕೆಂದೇ ಹಾಕಿದರೋ, ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಮೌಲಣ್ಣ ಎಲ್ಲ ಪಾಸಾದ, ಗಣಿತ ಬಿಟ್ಟು. ದಲಾಲಿಯ ದನಿಯಲ್ಲಿ ಗಣಿತ ಕಲಿತರೆ ಹೀಗೇ ಆಗುತ್ತದೆ ಎಂದು ಭಾಬಿ ನನ್ನನ್ನು ಇವತ್ತಿಗೂ ಬಿಡುವುದಿಲ್ಲ. ಎರಡನೆಯ ಸಲ ಗಣಿತವೂ ಸೋತಿತು. ಈಗ ಗಂಗಾವತಿಯಲ್ಲಿ ಎಲ್ ಬೋರ್ಡ್ ಹಾಕಿದ ಕಾರೊಂದು ಎಲ್ಲರೂ ಮುಂದಕ್ಕೆ ಹೋಗುವ ರಸ್ತೆಯಲ್ಲಿ ಹಿಂದಕ್ಕೆ ಬರುತ್ತಿದ್ದರೆ, ಅದರಲ್ಲಿ ಕುತ್ತಿಗೆ ತಿರುಗಿಸಿ ಕೂತವನು ತರಬೇತುದಾರ ಮೌಲಾಸಾಬ ಎಂದು ತಿಳಿದುಕೊಳ್ಳಿ. ಮೊದಲು ರಿವರ್ಸ್ ಕಲಿತರೆ ಮುಂದಕ್ಕೆ ಹೋಗುವುದು ತಾನೇ ಬರುತ್ತದೆ ಎನ್ನುವುದು ಅವನ ವಾದ. ಸ್ಪರ್ಧೆ ನಡೆದರೆ ಪ್ರಶ್ನೆ ಈಗಲೂ ಇದೆ, ಐದು ಸೆಕೆಂಡೂ ಇದೆ. ಬೇಡ ಎನ್ನುವವರಿಗೆ ಭಾಬಿಯ ಸೀಟಿಯೂ ಇದೆ.

ಬಸ್ಸು ಏರು ಹತ್ತಿ ಮುಗಿಸಿತು. ವಾಸನೆ ಹೋಯಿತು. ಅಜ್ಜಿ ಚೀಲವನ್ನು ಈ ಕಡೆಗೆ ತಂದುಕೊಂಡಳು.

ಒಂದು ಮಾತು ಮುಚ್ಚಿಟ್ಟಿದ್ದೆ. ಆ ಹಾಜರಿಯಲ್ಲಿ ಹೆಸರು ಹನ್ನೊಂದಲ್ಲ, ಹನ್ನೆರಡಿದ್ದವು. ಅರ್ಜಿಯನ್ನೇ ತುಂಬದವನ ಹೆಸರು ಕೊನೆಗೆ ಬಂತು. ಶರಣಪ್ಪ ಎಂದರು ಸರ್. ಸ್ವಲ್ಪ ತಡೆದರು. ಆಮೇಲೆ, ನಿನ್ನ ದನ್ಯಾಗ ಹೇಳು ಎಂದರು.

ಗದ್ದೆಯ ನಡುವೆ ನಿಂತು ಫ್ಯಾನಿನ ಸದ್ದು ಕೇಳುತ್ತ ನಾನು ನನ್ನ ದನಿ ಹುಡುಕಿದೆ. ಕಂಡಕ್ಟರ್ ಬಂದ, ದಲಾಲಿ ಬಂದ, ಸರ್ ತಾವೇ ಬಂದರು. ಹಾಜರಿಯ ಹೊತ್ತು ಮುಗಿದುಹೋಯಿತು. ಮೌಲಣ್ಣ ಟ್ರ್ಯಾಕ್ಟರಿನ ಮೇಲಿಂದ ನನ್ನನ್ನೇ ನೋಡುತ್ತಿದ್ದ. ಐದು ಸೆಕೆಂಡು ಎಂದ.

ಮುಂದಿನ ವರ್ಷದ ಅರ್ಜಿ ನಾನೇ ಹೋಗಿ ಇಸಿದುಕೊಂಡೆ.